ಅತ್ತಿಯವರನ್ನ ಕರೆಸೋ ಫ್ಲೆಕ್ಸ್

ಕರ್ಜಗಿ
ರವಿವಾರ, 23 ನವೆಂಬರ್ 2025

ಪ್ರೀತಿಯ ಅತ್ತೀ,

ನಿಮ್ಮ ಸೊಸಿ ಸುಚಿತ್ರಾಳ ಶರಣು. ಮೇಡ್ಲೇರಿಯ ಹೊಳಿ ಗಾಳಿಗೆ ನಿಮ್ಮ ಮಣಕಾಲ ನೋವು ಹೆಂಗೈತ್ರಿ? ಹೋಗೋ ಸಿಟ್ಟಿನ್ಯಾಗ ಎಣ್ಣಿ ಬಾಟ್ಲಿ ಇಲ್ಲೇ ಬಿಟ್ಟು ಹೋಗೀರಿ. ಅಲ್ಲಿ ನಿಮ್ಮ ತಮ್ಮನ ಮನಿಯವರೆಲ್ಲಾ ಅರಾಮ ಅದಾರ ಅಂತ ತಿಳಕೊಂಡೇನಿ. ನಾವೂ ಅರಾಮ ಅದೇವಿ ಅಂತ ಬರೀಬೇಕು ಖರೇ, ಆದ್ರ ನಾನು ಅಂಗಡಿಗೆ ಹೋದಾಗ ಮಾವನವರು ಮಾಡಿಡೋ ಸಾರು ಉಣ್ಣಾಕತ್ತೇವಿ, ಹಂಗಾಗಿ ಪೂರಾ ಅರಾಮ ಅಂತ ಬರಿಯಾಕ ಕೈ ಏಳವಲ್ದು. ನಿಮ್ಮ ಮಗ ಅಂತೂ ಕುಮಾರಪಟ್ಟಣದ ಫ್ಯಾಕ್ಟರಿಯೊಳಗ ಎರಡನೇ ಪಾಳಿ ಕೇಳಿ ಹಾಕಿಸ್ಕೊಂಡಾರ, ಊಟ ಕ್ಯಾಂಟೀನಿನ್ಯಾಗ ಆಗ್ತೈತಿ ಅಂತ. ನಿಮ್ಮ ಹೊಟ್ಟ್ಯಾಗ ಹುಟ್ಟಿದವರು, ಶಾಣ್ಯಾ ಇರದ ಏನು ಮಾಡ್ತಾರ. ನಮ್ಮ ಯಾರ ಫೋನೂ ನೀವು ಎತ್ತವಲ್ರಿ, ಅದಕ್ಕ ಕಾಗದ ಬರಿಯಾಕ ಕುಂತೇನಿ. ದಿನಾ ಕಂಪ್ಯೂಟರಿನ್ಯಾಗ ತರತರದ ಅಕ್ಷರ ಕೂಡಿಸೋ ನನ್ನ ಕೈಬರಹ ಕೋಳಿ ಕೆದರಿದಂಗೈತಿ, ನಗಬ್ಯಾಡ್ರಿ.

ನೀವು ಯಾಕ ಹೋದ್ರಿ ಅನ್ನೋದು ನಮ್ಮ ಓಣಿಗೆಲ್ಲಾ ಆವತ್ತ ತಿಳೀತು. ಮಾವನವರೊಬ್ಬರಿಗೆ ಮಾತ್ರ ಭಾಳ ತಡಾ ಆಗಿ ತಿಳೀತು. ದೀಪಾವಳಿಯ ಹೋರಿ ಓಟಕ್ಕ ನಮ್ಮ ಹೋರಿ ಬಸ್ಯಾನ ಫ್ಲೆಕ್ಸ್ ಮಾಡಿಸಿದಾಗ ನಡುವ ಬಸ್ಯಾ, ಅವನ ಹಿಂದ ಬೆಂಕಿ, ಮ್ಯಾಲೆ ಸಿಡಿಲು, ಕೆಳಗ "ಕರ್ಜಗಿ ಸುನಾಮಿ" ಅನ್ನೋ ಹೆಸರು, ಸುತ್ತೂ ಊರ ಗಂಡಸರ ಫೋಟೋ. ಅವರೊಳಗ ಬಸ್ಯಾನ ಹತ್ರ ಬರಾಕ ಅಂಜೋರ ಹೆಚ್ಚು. ಕರು ಇದ್ದಾಗಿಂದ ಹಿಂಡಿ ಕಲಿಸಿ ತಿನಿಸಿದ ನಿಮ್ಮ ಫೋಟೋ ಹಾಕೋಣೇನ್ರಿ ಅಂತ ನಾನು ಕೇಳಿದ್ದಕ್ಕ ಮಾವನವರು, "ಹೋರಿ ಫ್ಲೆಕ್ಸಿನ್ಯಾಗ ಹೆಣ್ಮಕ್ಕಳ ಫೋಟೋ ಯಾರರ ಹಾಕ್ತಾರೇನವ್ವಾ?" ಅಂದ್ರು. ನೀವು ಬಾಗಲದಾಗ ನಿಂತು ಕೇಳಿಸ್ಕೊಂಡ್ರಿ. ಹಬ್ಬ ಮುಗಿಯೋ ತನಕ ಎಲ್ಲಾರಿಗೂ ಬಡಿಸಿ, ಬಾಂಡೆ ತಿಕ್ಕಿಟ್ಟು, ಬಸ್ ಹತ್ತಿದ್ರಿ. ಒಂದು ಮಾತರ ಜಗಳಾಡಿದ್ರ ನಮಗ ಎಷ್ಟೋ ಹಗುರ ಆಗ್ತಿತ್ತು.

ಹೋದ ಸೋಮವಾರ ಮಾವನವರು ಇಸ್ತ್ರಿ ಧೋತರ ಉಟ್ಟು ಹಾವೇರಿಯ ನನ್ನ ಫ್ಲೆಕ್ಸ್ ಅಂಗಡಿಗೆ ಬಂದ್ರು. ಗಿರಾಕಿ ಕುರ್ಚಿ ಮ್ಯಾಲೆ ಕುಂತು, ಗೋಡಿ ನೋಡಿ, ಫ್ಯಾನ್ ನೋಡಿ, ಕಡೀಕೆ, "ಒಂದು ಫ್ಲೆಕ್ಸ್ ಆಗಬೇಕಿತ್ತು" ಅಂದ್ರು. ಬಸ್ಯಾಂದೇನ್ರಿ ಅಂದೆ. "ಅಲ್ಲ, ನಿಮ್ಮತ್ತೀದು" ಅಂದ್ರು. ಅದನ್ನ ಮೇಡ್ಲೇರಿ ಬಸ್ ಸ್ಟ್ಯಾಂಡಿನ್ಯಾಗ ಕಟ್ಟಬೇಕಂತ, ನೋಡಿ ನೀವು ವಾಪಸ್ ಬರಬೇಕಂತ. ಬಾಯಿ ಬಿಟ್ಟು ತಪ್ಪಾತು ಅನ್ನಾಕ ಬರದ ಮನಿಷ್ಯಾ ಎಂಥಾ ದಾರಿ ಹುಡುಕ್ಯಾರ ನೋಡ್ರಿ ಅತ್ತೀ. ನನ್ನ ಕಂಪ್ಯೂಟರಿನ್ಯಾಗ ಹುಟ್ಟುಹಬ್ಬಕ್ಕ ಒಂದು ನಮೂನಿ ಐತಿ, ಬಡ್ತಿಗೆ ಒಂದೈತಿ, ಹೋರಿ ಗೆದ್ದದ್ದಕ್ಕಂತೂ ಬೇಕಾದಷ್ಟು ಅದಾವು. ಸಿಟ್ಟಾಗಿ ತವರಿಗೆ ಹೋದ ಹೆಂಡತಿಯನ್ನ ಕರಿಯೋ ನಮೂನಿ ಇಷ್ಟು ವರ್ಷದಾಗ ಯಾರೂ ಮಾಡಿಸಿರಲಿಲ್ಲ. "ಬಸ್ಯಾಗ ಹಾಕಿದ್ದೆಲ್ಲಾ ಆಕಿಗೂ ಹಾಕು, ಕಮ್ಮಿ ಮಾಡಬ್ಯಾಡ" ಅಂತ ಹೇಳಿ ಹೋದ್ರು. ನಿಮ್ಮ ಹಿಂದ ಬೆಂಕಿ ಹಚ್ಚಿ ನೋಡಿದೆ. ಸ್ಟೋ ಕಂಪನಿ ಜಾಹೀರಾತಿನಂಗ ಆತು. ಸಿಡಿಲು ಹಾಕಿದೆ. ನಿಮಗ ಹೊಡದಂಗ ಕಂಡು ಲಗೂನ ತಗದು ಒಗದೆ.

ಎರಡು ದಿನ ಏನೂ ಹೊಳೀಲಿಲ್ಲ. ಚಾ ಕುಡದೆ, ಕಿಡಕಿಯಾಗ ನಿಂತೆ, ಮೌಸ್ ಒರಸಿಟ್ಟೆ. ಈ ಕೆಲಸದಾಗ ಹಿಂಗ ಸುಮ್ನ ಕುಂತಾಗ ನೋಡಿದವರು ಆಕಿಗೇನು ಕೆಲಸ ಇಲ್ಲ ಅಂತಾರ, ನೀವೂ ಒಮ್ಮೆ ಅಂದೀರಿ. ಬುಧವಾರ ಮೆಣಸಿನಕಾಯಿ ಚೀಲದ ಡಿಸೈನ್ ಮಾತಾಡಾಕ ಬ್ಯಾಡಗಿಗೆ ಹೋಗಿದ್ದೆ. ಮಾರ್ಕೆಟಿನ್ಯಾಗ ರಾಶಿ ಸುರುವಿದ್ರು, ಅದರ ಮ್ಯಾಲೆ ಬಿಸಲು ಬಿದ್ದಿತ್ತು. ಆ ಕೆಂಪು ನೋಡಿದ ಕೂಡ್ಲೇ ನಿಮ್ಮ ಇಳಕಲ್ ಸೀರಿ ಸೆರಗು ಕಣ್ಣಿಗೆ ಬಂತು. ಸೀನಕೋತನ ಫೋಟೋ ಹೊಡಕೊಂಡೆ. ಬಂದು ಅದ ಕೆಂಪು ಹಿಂದ ಹರವಿ, ನಡುವ ನಾದಿನಿ ಕಾವ್ಯಾನ ಮದುವಿಯೊಳಗಿನ ನಿಮ್ಮ ಫೋಟೋ ಇಟ್ಟೆ. ಭಾಳ ಛಲೋ ಕಂಡ್ರಿ ಅತ್ತೀ. ಅಲ್ಲಿಗೆ ಬಿಟ್ಟಿದ್ರ ಮುಗೀತಿತ್ತು. ಮಾವನವರು ಫೋನಿನ್ಯಾಗ ಸುತ್ತೂ ಹೂವಿನ ಅಂಚು ಹಾಕಂದ್ರು. ಕೆಳಗ ತಾವು ಕೈ ಮುಗದ ಫೋಟೋ ಬೇಕಂದ್ರು. "ನಿನ್ನ ಬಿಟ್ಟು ನಾವು ಹೆಂಗಿರೋಣ, ಮನಿ ಮಂದಿ" ಅಂತ ಬರಸಿದ್ರು. ಗಿರಾಕಿ ಹೇಳಿದಂಗ ಹಾಕಿದೆ, ಮುಗೀತಲ್ಲಾ ಅಂತ ಉಸರು ಬಿಟ್ಟೆ.

ಮರುದಿನ ಮಧ್ಯಾಹ್ನ ನಮ್ಮೂರ ಆಟೋದ ಫಕ್ಕೀರಸಾಬ ಗಾಡಿ ಗಾಜಿಗೆ ಸ್ಟಿಕ್ಕರ್ ಬೇಕಂತ ಅಂಗಡಿಗೆ ಬಂದ. ಕಂಪ್ಯೂಟರಿನ್ಯಾಗ ಆ ಫ್ಲೆಕ್ಸ್ ನೋಡಿದವನ ಟೊಪ್ಪಿಗಿ ತಗದು ಕೈಯಾಗ ಹಿಡಕೊಂಡ. ಸಣ್ಣ ದನಿಯೊಳಗ, "ಯಾವಾಗವ್ವಾ?" ಅಂದ. ಫ್ಲೆಕ್ಸ್ ಯಾವಾಗ ಮುಗೀತು ಅಂತ ಕೇಳ್ಯಾನ ಅಂದ್ಕೊಂಡು, "ನಿನ್ನೆ ಸಂಜೀಕ ಮುಗೀತ್ರಿ" ಅಂದೆ. "ಭಾಳ ತ್ರಾಸ ಆತೇನು?" ಅಂದ. "ಮೊದಲ ಎರಡು ದಿನ ಆತ್ರಿ. ಬ್ಯಾಡಗಿಗೆ ಹೋಗಿ ಬಂದ ಮ್ಯಾಲೆ ಹಗುರ ಆತು" ಅಂದೆ. ಅವ ಸ್ಟಿಕ್ಕರ್ ಮಾತ ಎತ್ತದ ಕಣ್ಣು ಒರಸ್ಕೋತ ಹೋದ. ಎಂಥಾ ಕಲಾ ತಿಳಿದ ಮನಿಷ್ಯಾ, ನನ್ನ ಡಿಸೈನ್ ನೋಡಿ ಕಣ್ಣೀರು ಹಾಕಿದಾ ಅಂತ ನಾನು ಖುಷಿಲೆ ಇನ್ನೊಂದು ಚಾ ತರಿಸಿದೆ.

ಸಂಜೀಕ ಕರ್ಜಗಿಯೊಳಗ ಬಸ್ ಇಳಿದ್ರ ನಮ್ಮ ಮನಿ ಮುಂದ ಮಂದಿ ನೆರದಿತ್ತು. ಬಾಜೂಮನಿ ಹೊಳಿಯವ್ವ ನನ್ನ ತೆಕ್ಕಿ ಬಿದ್ದು, "ನಿಮ್ಮತ್ತಿ ಹೋದ್ಲಲ್ಲವ್ವಾ" ಅಂತ ಅತ್ತಳು. ಸುದ್ದಿ ಮೇಡ್ಲೇರಿಯಿಂದ ಬಂದೈತಿ ಅಂತ ತಿಳದು ನಿಮ್ಮ ತಮ್ಮನ ಹೆಂಡತಿಗೆ ಫೋನ್ ಹಚ್ಚಿದೆ. ಆಕಿ, "ಅಕ್ಕಾ ಹಿತ್ತಲದಾಗ ಶೇಂಗಾ ಸುಲಿಯಾಕತ್ತಾಳ, ಕರೀಲೇನು?" ಅಂದ್ಲು. ಬ್ಯಾಡ, ಸುಮ್ನ ಹಚ್ಚಿದ್ದೆ ಅಂತ ಇಟ್ಟೆ; ಆವತ್ತಿನ ಆ ಫೋನ್ ಇದಕ್ಕ ಬಂದಿತ್ತು. ಆಮ್ಯಾಲೆ ಫಕ್ಕೀರಸಾಬನ್ನ ಹಿಡದು ಕೇಳಿದಾಗ ಎಲ್ಲಾ ತಿಳೀತು. ಹೂವಿನ ಅಂಚು, ಮುಗದ ಕೈ, ನಡುವ ನೀವು. ಯಾರು ನೋಡಿದ್ರೂ ಶ್ರದ್ಧಾಂಜಲಿ ಅಂತನ ಅಂತಿದ್ರು, ಅದನ್ನ ಮಾಡಿದ ನನಗೊಬ್ಬಾಕಿಗೆ ಕಾಣಲಿಲ್ಲ.

ಆದ್ರ ಅತ್ತೀ, ಮಾವನವರೂ ಆ ಸುದ್ದಿ ನಂಬಿಬಿಟ್ಟಿದ್ರು. ನಾ ಬರೋದ್ರಾಗ ಅವರು ಕೊಟಗಿಯೊಳಗ ಬಸ್ಯಾನ ಹಗ್ಗ ಕೈಯಾಗ ಹಿಡಕೊಂಡು ನೆಲದ ಮ್ಯಾಲೆ ಕುಂತಿದ್ರು. ಧೋತರ ತುಂಬ ಸೆಗಣಿ. ಯಾರು ಎಬ್ಬಿಸಿದ್ರೂ ಏಳವಲ್ರು. "ಆಕಿಗೆ ಒಂದು ಮಾತು ಹೇಳೋದಿತ್ತಲ್ಲೋ" ಅಂತ ಬಸ್ಯಾನ ಮುಂದ ಹೇಳಾಕತ್ತಿದ್ರು. ಅತ್ತಿ ಅರಾಮ ಅದಾರ್ರಿ, ಶೇಂಗಾ ಸುಲಿಯಾಕತ್ತಾರ ಅಂತ ನಾನು ಕಿವಿ ಹತ್ರ ಹೇಳಿದೆ. ನನ್ನ ಮುಖ ನೋಡಿದ್ರು, "ಶೇಂಗಾ?" ಅಂದ್ರು, ಆಮ್ಯಾಲೆ ಟಾವೆಲ್ ಮುಖಕ್ಕ ಒತ್ಕೊಂಡು ಅತ್ರು. ನಾನು ಈ ಮನಿಗೆ ಬಂದ ಮ್ಯಾಲೆ ಅವರು ಅತ್ತಿದ್ದು ನೋಡಿರಲಿಲ್ಲ.

ನಮ್ಮ ಓಣಿಯ ಜೈತೂನಬಿ ಸಾವಿನ ಮನಿ ಅಂತ ಅನ್ನ, ಸಾರು, ಬದನಿಕಾಯಿ ಪಲ್ಯ ಮಾಡ್ಕೊಂಡು ಬಂದಿದ್ಲು. ವಾಪಸ್ ಒಯ್ತೇನಿ ಅಂದ್ರ ನಾವು ಬಿಡಲಿಲ್ಲ. ಅಷ್ಟು ದಿನದ ಮ್ಯಾಲೆ ಹೊಟ್ಟಿ ತುಂಬ ಉಂಡೇವಿ. ಹೊಳಿಯವ್ವ ನಿಮ್ಮನ್ನ ಎಷ್ಟು ಹೊಗಳಿದ್ಲು ಅಂದ್ರ, ನೀವು ಜೀವಂತ ಅದೀರಿ ಅಂತ ತಿಳದ ಮ್ಯಾಲೆ ಆಕಿಗೆ ಸ್ವಲ್ಪ ಲುಕ್ಸಾನ ಆದಂಗ ಆತು. "ನಾ ಅಂದದ್ದು ಆಕಿಗೆ ಹೇಳಬ್ಯಾಡ, ಸುಮ್ನ ಉಬ್ತಾಳ" ಅಂದಾಳ. ಅದಕ್ಕ ಹೇಳಾಕತ್ತೇನಿ: ಈ ಓಣಿಯೊಳಗ ನಿಮ್ಮಂಥಾಕಿ ಇನ್ನೊಬ್ಬಾಕಿ ಇಲ್ಲಂತ.

ಉಂಡು ಕೈ ತೊಳಕೊಂಡು ಮಾವನವರು ನನ್ನ ಕರದು, "ಆ ಫ್ಲೆಕ್ಸ್ ಬ್ಯಾಡ ಬಿಡವ್ವಾ, ಬಾಯಿಲೆ ಹೇಳ್ತೇನಿ" ಅಂದ್ರು. ನಾನು ಅದನ್ನ ಅಳಿಸಿ ಹಾಕಿದೆ. ಕೆಂಪು ಮಾತ್ರ ಉಳಿಸ್ಕೊಂಡೆ. ಬ್ಯಾಡಗಿಯ ವ್ಯಾಪಾರಿ ತಮ್ಮ ಚೀಲಕ್ಕ ಅದನ್ನ ಭಾಳ ಮೆಚ್ಚ್ಯಾರ, ಈ ಬಣ್ಣ ಎಲ್ಲಿ ಸಿಕ್ತವ್ವಾ ಅಂತ ಕೇಳಿದ್ರು. ನಮ್ಮತ್ತಿ ಸೆರಗಿನ್ಯಾಗ ಅಂದೆ.

ನಿಮ್ಮ ತಮ್ಮಗ, ಅವರ ಮನಿಯವರಿಗೆ ನನ್ನ ಶರಣು ತಿಳಸ್ರಿ. ಬಸ್ಯಾ ಅರಾಮ ಅದಾನ, ಆದ್ರ ಹಿಂಡಿ ಅರ್ಧಾ ಬಿಡಾಕತ್ಯಾನ. ಮಣಕಾಲಿಗೆ ಎಣ್ಣಿ ಬಾಟ್ಲಿ ಈ ಕಾಗದದ ಜೋಡಿ ಕಳಿಸೇನಿ, ಹಚ್ಚಿಸ್ಕೋರಿ.

ನಿಮ್ಮ ಸೊಸಿ,
ಸುಚಿತ್ರಾ

ತಾ.ಕ.: ಈ ಕಾಗದ ಕೊಟ್ಟವ ಫಕ್ಕೀರಸಾಬ. ಬಾಡಗಿ ಮಾತು ತಗದ್ರ ಕಿವಿ ಮುಚ್ಕೊಳ್ತಾನ, ಭಾಳ ನಾಚ್ಯಾನ, ಅವಗ ಏನೂ ಅನ್ನಬ್ಯಾಡ್ರಿ. ಅವನ ಆಟೋ ನಿಮ್ಮ ಓಣಿ ತುದಿಗೆ ನಿಂತಿರ್ತೈತಿ, ಹಿಂದಿನ ಸೀಟಿನ್ಯಾಗ ಮಾವನವರು ಕುಂತಿರ್ತಾರ. ನೀವು ಅಲ್ಲೀತನ ಹೋಗದಿದ್ರ ಇಳಿಯಂಗಿಲ್ಲ. ಒಂದು ಮಾತು ಹೇಳಬೇಕಂತ ಮುಂಜಾನಿಂದ ಅಂಗಳದಾಗ ತಿರಗಾಡಿಕೋತ ಬಾಯಿಪಾಠ ಮಾಡಾಕತ್ತಾರ. ಅರ್ಧಕ್ಕ ನಿಂತ್ರ ಯಾವಾಗಿನಂಗ ನೀವು ಪೂರಾ ಮಾಡಿ ಕೊಡಬ್ಯಾಡ್ರಿ ಅತ್ತೀ. ಎಷ್ಟೊತ್ತಾದ್ರೂ ನಿಂತು, ಅವರ ಬಾಯಿಲೆ ಕೇಳ್ರಿ.