ಹರಿದು ಹಾಕದ ಪುಟ

೧೮ ಆಗಸ್ಟ್ ೨೦೧೬, ಗುರುವಾರ. ಸಂಜೆ

ಇವತ್ತು ಮೈದಾನವನ್ನು ಹೆಜ್ಜೆಯಲ್ಲಿ ಅಳೆದೆವು. ಎರಡನೇ ಕ್ಲಾಸಿನ ಇಪ್ಪತ್ನಾಲ್ಕು ಮಕ್ಕಳು, ಇಪ್ಪತ್ನಾಲ್ಕು ಉತ್ತರ. ಒಬ್ಬನಿಗೆ ನೂರ ಹನ್ನೆರಡು, ಇನ್ನೊಬ್ಬಳಿಗೆ ನೂರ ನಲವತ್ತೊಂದು. ಯಾರದ್ದು ಸರಿ ಎಂದು ಜಗಳ. ಆಗಲಿ ಎಂದೇ ಬಿಟ್ಟೆ. ಹತ್ತು ನಿಮಿಷ ಕಿತ್ತಾಡಿದ ಮೇಲೆ ಪ್ರಣತಿ ಹೇಳಿದಳು — ಎಲ್ಲರ ಕಾಲೂ ಒಂದೇ ಸೈಜ್ ಇಲ್ಲ, ಅದಕ್ಕೇ ಸ್ಕೇಲ್ ಬೇಕು ಅಂತ. ಈ ಒಂದು ಮಾತನ್ನು ಬೋರ್ಡಿನ ಮೇಲೆ ಕಲಿಸಲು ವಾರ ಹಿಡಿಯುತ್ತಿತ್ತು. ಮರುವಾರ ಮರೆತಿರುತ್ತಿದ್ದರು.

ಮನೆಗೆ ಬರುವಷ್ಟರಲ್ಲಿ ಅದೇ ಪ್ರಣತಿಯ ತಂದೆ ಗಿರಿಧರ್ ಇಮೇಲ್. ಪ್ರಿನ್ಸಿಪಾಲರಿಗೂ ಕಾಪಿ. ಮಗಳ ಸಾಕ್ಸ್ ತುಂಬ ಕೆಸರು. ಈ ತಿಂಗಳು ಗಣಿತದ ವರ್ಕ್‌ಶೀಟ್ ಬಂದಿರುವುದು ನಾಲ್ಕೇ, ಬಿ ಸೆಕ್ಷನ್ನಿಗೆ ಹನ್ನೊಂದು. ಸಾಫ್ಟ್‌ವೇರಿನವರು. ಎಣಿಸಿಟ್ಟಿದ್ದಾರೆ.

‘ಕೆಸರು ಒಗೆದರೆ ಹೋಗುತ್ತದೆ, ಕಲಿತದ್ದು ಹೋಗುವುದಿಲ್ಲ’ ಎಂದು ಟೈಪ್ ಮಾಡಿದೆ. ಅಳಿಸಿದೆ. ‘ಧನ್ಯವಾದ, ಗಮನಿಸುತ್ತೇನೆ’ ಎಂದು ಕಳಿಸಿದೆ. ಥೂ. ಹೇಡಿ.

೨೨ ಆಗಸ್ಟ್, ಸೋಮವಾರ

ಪ್ರಿನ್ಸಿಪಾಲ್ ಅಲಮೇಲು ಮೇಡಂ ಕರೆಸಿದರು. ಮಲ್ಲೇಶ್ವರದವರು. ಶಾಲೆಯಲ್ಲಿ ಎಲ್ಲರೊಂದಿಗೂ ಇಂಗ್ಲಿಷ್, ಬಾಗಿಲು ಹಾಕಿದ ಮೇಲೆ ನನ್ನೊಂದಿಗೆ ಕನ್ನಡ. ಮೂರು ವರ್ಷದ ಹಿಂದೆ ಮೈಸೂರಿನಲ್ಲಿ ಇಂಟರ್‌ವ್ಯೂ ಮಾಡಿ ಇಲ್ಲಿಗೆ ಕರೆಸಿಕೊಂಡದ್ದು ಇವರೇ. ಅದನ್ನು ನಾನೂ ಮರೆತಿಲ್ಲ, ಅವರೂ ಮರೆಯಲು ಬಿಡುವುದಿಲ್ಲ.

ಹೊರಗಿನ ಪಾಠ ವಾರಕ್ಕೊಂದು ಸಾಕು ಎಂದರು. ಡಿಸೆಂಬರಿಗೆ ನನ್ನ ಕಾಂಟ್ರಾಕ್ಟ್ ಮುಗಿಯುತ್ತದೆ ಎಂಬುದನ್ನೂ ಹಾಗೇ ಸುಮ್ಮನೆ ಅಂದರು. ಸುಮ್ಮನೆ ಅಲ್ಲ. ಕೆಲಸ ಹೋದರೆ ಇಲ್ಲಿರಲು ನನಗೆ ಕೊಟ್ಟ ಪಾಸ್ ರದ್ದು. ಒಂದು ತಿಂಗಳೊಳಗೆ ಸಿಂಗಾಪುರ ಬಿಡಬೇಕು. ಗಂಡ ಇಲ್ಲ, ಗಂಡನ ಪಾಸ್ ಇಲ್ಲ. ಇರುವುದು ಬೆಡೋಕ್‌ನ ಈ ಬಾಡಿಗೆ ರೂಮು.

ವಾರಕ್ಕೊಂದು ಎಂದರೆ ಎಷ್ಟು ಹೊತ್ತು ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

೧ ಸೆಪ್ಟೆಂಬರ್, ಗುರುವಾರ

ಝಿಕಾ, ಸೊಳ್ಳೆಯಿಂದ ಹರಡುವ ಜ್ವರ. ಐದು ದಿನದಿಂದ ಊರಿಗೆಲ್ಲ ಅದೇ ಮಾತು. ಈಗ ಬೆಡೋಕ್ ಕಡೆಯೂ ಇದೆಯಂತೆ. ಬಸುರಿಯರಿಗೆ ಬಂದರೆ ಹೊಟ್ಟೆಯ ಮಗುವಿಗೆ ಅಪಾಯ. ನನ್ನ ಜೊತೆ ಫ್ಲ್ಯಾಟಿನಲ್ಲಿರುವ ಮೀರಾ ಮೂರು ಬಾಟಲಿ ಸೊಳ್ಳೆ ಸ್ಪ್ರೇ ತಂದಿದ್ದಾಳೆ.

ಶಾಲೆಯಲ್ಲಿ ಸರ್ಕ್ಯುಲರ್: ಮುಂದಿನ ಸೂಚನೆಯವರೆಗೆ ಹೊರಗಿನ ಪಾಠ ಬಂದ್. ಸರಿ, ಒಪ್ಪಿದೆ. ಆದರೆ ಈ ಸೊಳ್ಳೆ ಮೈದಾನದಲ್ಲಿ ಮೊಟ್ಟೆ ಇಡುವುದಿಲ್ಲ. ತಿಳಿ ನೀರಿನಲ್ಲಿ, ಮನೆಯ ಹತ್ತಿರ, ಹೂಕುಂಡದ ತಟ್ಟೆಯಲ್ಲಿ ಇಡುತ್ತದೆ. ಮಕ್ಕಳನ್ನು ಒಳಗೆ ಕೂರಿಸಿ ಬಾಗಿಲು ಹಾಕಿದರೆ ಯಾರನ್ನು ಕಾಪಾಡಿದ ಹಾಗಾಯಿತು?

ಪ್ರಣತಿಯ ಅಮ್ಮ ರೇಣುಕಾಗೆ ಐದು ತಿಂಗಳು. ಮಗಳನ್ನು ಕರೆದೊಯ್ಯಲು ದಿನಾ ಮಧ್ಯಾಹ್ನ ಬಂದು ಪೋರ್ಚಿನ ನೆರಳಲ್ಲಿ ನಿಲ್ಲುತ್ತಾರೆ.

೬ ಸೆಪ್ಟೆಂಬರ್, ಮಂಗಳವಾರ

ಇವತ್ತಿನದನ್ನು ಬರೆದೇ ತೀರಬೇಕು.

ಹೊರಗೆ ಹೋಗಬಾರದು ತಾನೇ — ಒಳಗೇ ಹುಡುಕೋಣ ಎಂದೆ. ಎಲ್ಲರಿಗೂ ಸ್ಪ್ರೇ ಹಾಕಿಸಿ, ನಾಲ್ಕು ಟಾರ್ಚ್, ಡ್ರಾಪರ್, ಐಸ್‌ಕ್ರೀಮಿನ ಬಿಳಿ ಡಬ್ಬ ಕೊಟ್ಟು ಗುಂಪು ಮಾಡಿದೆ. ಕೆಲಸ ಒಂದೇ: ಶಾಲೆಯ ಸೂರಿನ ಕೆಳಗೆ ಎಲ್ಲೆಲ್ಲಿ ನೀರು ನಿಂತಿದೆ, ನೋಡಿ ನಕ್ಷೆಯಲ್ಲಿ ಗುರುತು ಹಾಕುವುದು. ಕೈ ಹಾಕುವಂತಿಲ್ಲ. ಕೂಲರಿನ ಟ್ರೇ, ಒರೆಸುವ ಬಕೆಟ್, ಛತ್ರಿ ಸ್ಟ್ಯಾಂಡ್ — ಎಲ್ಲ ಒಣಗಿತ್ತು. ಸಮಾಧಾನ ಆಯಿತು.

ಪೋರ್ಚಿನಲ್ಲಿ ಆರು ದೊಡ್ಡ ಪಿಂಗಾಣಿ ಕುಂಡಗಳಿವೆ. ಗಿಡ ಇರುವುದು ಒಳಗಿನ ಪ್ಲಾಸ್ಟಿಕ್ ಕುಂಡದಲ್ಲಿ, ಪಿಂಗಾಣಿ ಬರೀ ಅಲಂಕಾರಕ್ಕೆ. ಎರಡರ ನಡುವಿನ ಸಂದಿಗೆ ಪ್ರಣತಿ ಟಾರ್ಚ್ ಬಿಟ್ಟಳು. ಉಸಿರು ಬಿಗಿಹಿಡಿದು ಬಹಳ ಹೊತ್ತು ನೋಡಿದಳು.

“ಮ್ಯಾಮ್, ನನ್ನ ನೆರಳು ಬಿದ್ರೆ ಕೆಳಗೆ ಹೋಗ್ತಾವೆ. ಸರಿದ್ರೆ ಮೇಲೆ ಬರ್ತಾವೆ. ಲೈವ್ ಲಾ,” ಎಂದಳು, ಇಲ್ಲಿನವರ ‘ಲಾ’ ಸೇರಿಸಿ.

ಡ್ರಾಪರಿನಲ್ಲಿ ತೆಗೆದು ಬಿಳಿ ಡಬ್ಬಕ್ಕೆ ಬಿಟ್ಟೆ. ಸೊಳ್ಳೆಯ ಮರಿಗಳು. ಮಕ್ಕಳು ಮೂರು ಸಲ ಎಣಿಸಿದರು. ಹದಿನೇಳು. ಯಾರೂ ಕಿರುಚಲಿಲ್ಲ. ಇಪ್ಪತ್ನಾಲ್ಕು ತಲೆ ಒಂದು ಡಬ್ಬದ ಸುತ್ತ. ಆಮೇಲೆ ಎಲ್ಲರೂ ಇವಿಎಸ್ ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದು, ಕುಂಡದ ಜಾಗದಲ್ಲಿ ಕೆಂಪು ಚುಕ್ಕಿ ಇಟ್ಟು, ಕಂಡದ್ದನ್ನು ಬರೆದರು.

ಮೇಡಂಗೆ ಹೋಗಿ ಹೇಳಿದೆ. ಬಿಳಿಚಿಕೊಂಡರು. ಅರ್ಧ ಗಂಟೆಯಲ್ಲಿ ಕುಂಡಗಳನ್ನೆಲ್ಲ ಬರಿದು ಮಾಡಿಸಿದರು. ಆ ಮಟ್ಟಿಗೆ ಸರಿ. ಆಮೇಲೆ ಹೇಳಿದರು — ಮುಗಿಯಿತು, ಇದು ಹೊರಗೆ ಹೋಗುವುದು ಬೇಡ. ಮುಂದಿನ ವರ್ಷದ ಅಡ್ಮಿಷನ್ ಶುರುವಾಗಿದೆ.

ಮಧ್ಯಾಹ್ನ ರೇಣುಕಾ ಅಲ್ಲೇ ನಿಂತಿದ್ದರು. ಆ ಕುಂಡದ ಪಕ್ಕದಲ್ಲೇ. ನನ್ನನ್ನು ನೋಡಿ ನಕ್ಕರು. ನಾನೂ ನಕ್ಕೆ. ಹೇಳಲಿಲ್ಲ.

೭ ಸೆಪ್ಟೆಂಬರ್, ಬುಧವಾರ

ಬೆಳಿಗ್ಗೆ ಪೇರೆಂಟ್ಸ್ ಗ್ರೂಪಿಗೆ ಆಫೀಸಿನಿಂದ ಮೆಸೇಜ್: ‘ನಿನ್ನೆ ಎರಡನೇ ತರಗತಿಯ ಚಟುವಟಿಕೆಯಲ್ಲಿ ಮಾದರಿ ಹುಳುಗಳನ್ನು ಬಳಸಲಾಯಿತು. ಶಾಲೆಯ ಆವರಣ ಸಂಪೂರ್ಣ ಸುರಕ್ಷಿತ.’

ಮಾದರಿ ಹುಳು! ಮಕ್ಕಳು ಮನೆಗೆ ಹೋಗಿ ಹೇಳಿಯೇ ಇರುತ್ತಾರಲ್ಲ. ಅದಕ್ಕೆ ಈ ಬೇಲಿ.

ಪ್ರಣತಿ ಬಂದವಳೇ ಬ್ಯಾಗನ್ನೂ ಇಳಿಸದೆ ನನ್ನ ಟೇಬಲ್ ಹತ್ತಿರ ನಿಂತಳು. ಅತ್ತ ಕಣ್ಣು.

“ಅಪ್ಪ ಹೇಳ್ತಾರೆ ಅದು ಪ್ಲಾಸ್ಟಿಕ್ ಅಂತೆ, ನಾನು ಕತೆ ಕಟ್ತೀನಂತೆ. ಪ್ಲಾಸ್ಟಿಕ್ ನೆರಳು ನೋಡಿ ಓಡತ್ತಾ ಮ್ಯಾಮ್?”

ಏಳು ವರ್ಷದ ಮಗು. ಕಣ್ಣಾರೆ ನೋಡು, ಎಣಿಸು, ಬರೆ ಎಂದು ಎರಡು ತಿಂಗಳಿನಿಂದ ಹೇಳಿಕೊಡುತ್ತಿದ್ದೇನೆ. ನೋಡಿದಳು, ಎಣಿಸಿದಳು, ಬರೆದಳು. ಈಗ ದೊಡ್ಡವರೆಲ್ಲ ಸೇರಿ ನೀನು ನೋಡೇ ಇಲ್ಲ ಎನ್ನುತ್ತಿದ್ದೇವೆ. ಅದರಲ್ಲಿ ನಾನೂ ಒಬ್ಬಳು.

“ಓಡಲ್ಲ ಪುಟ್ಟಾ. ನೀನು ನೋಡಿದ್ದು ನಿಜ,” ಎಂದೆ. ಇಡೀ ಕ್ಲಾಸಿಗೆ ಕೇಳುವ ಹಾಗೆ.

ಮಧ್ಯಾಹ್ನ ಪೋರ್ಚಿಗೆ ಹೋಗಿ ರೇಣುಕಾ ಅವರನ್ನು ಒಳಗೆ ಕರೆದು ಕೂರಿಸಿದೆ. ನಡೆದದ್ದು ಹೇಳಿದೆ. ನಿನ್ನೆಯೇ ಹೇಳಬೇಕಿತ್ತು, ಹೇಳಲಿಲ್ಲ, ಅದು ನನ್ನ ತಪ್ಪು ಎಂದೂ ಹೇಳಿದೆ. ಅವರ ಎರಡು ಕೈಯೂ ಹೊಟ್ಟೆಯ ಮೇಲಿತ್ತು. ಆಮೇಲೆ ಎದ್ದು, ಮಗಳ ಕೈ ಹಿಡಿದು ಹಿಂದಿನ ಗೇಟಿನಿಂದ ಹೋದರು.

೮ ಸೆಪ್ಟೆಂಬರ್, ಗುರುವಾರ

ಮತ್ತೆ ಕರೆ. ಬಾಗಿಲು ಹಾಕಿದರು. ಮೇಜಿನ ಮೇಲೆ ಹೊಸ ವರ್ಕ್‌ಶೀಟ್ ಕಟ್ಟು — ಸೊಳ್ಳೆಯ ಜೀವನಚಕ್ರ, ಬಣ್ಣ ತುಂಬಿರಿ. ಎಲ್ಲ ನೋಟ್‌ಬುಕ್ಕಿನಿಂದ ಮಂಗಳವಾರದ ಪುಟ ತೆಗೆದು ಇದನ್ನು ಅಂಟಿಸಬೇಕಂತೆ. ಶುಕ್ರವಾರ ನೋಟ್‌ಬುಕ್ ಪೇರೆಂಟ್ಸ್ ಸಹಿಗೆ ಮನೆಗೆ ಹೋಗುತ್ತದೆ, ಅಷ್ಟರೊಳಗೆ. ಮಕ್ಕಳ ಬಾಯಿಮಾತು ಬೇರೆ, ಬರವಣಿಗೆಯಲ್ಲಿದ್ದರೆ ದಾಖಲೆ.

ಹುಳು ಇದ್ದವು ಎಂದರೆ ಅದಕ್ಕೆ ಮೊದಲು ರೆಕ್ಕೆ ಬಂದು ಹಾರಿಹೋದವೂ ಇರುತ್ತವೆ, ತಾಯಂದಿರಿಗೆ ತಿಳಿಯಬೇಕು ಎಂದೆ. ನಾಲ್ಕು ಸಾಲಿನ ಪತ್ರ ಸಾಕು, ಕಂಡಿತು, ತೆಗೆದೆವು, ಜ್ವರ ಬಂದರೆ ತೋರಿಸಿಕೊಳ್ಳಿ ಅಂತ. ನಾನೇ ಬರೆದುಕೊಡುತ್ತೇನೆ ಎಂದೆ.

ಅವರು ಕನ್ನಡಕ ತೆಗೆದರು. ಸುಸ್ತಾದ ಹಾಗೆ ಕಂಡರು. ಹನ್ನೊಂದು ವರ್ಷ ಕಟ್ಟಿದ ಶಾಲೆ, ಒಂದು ಕುಂಡಕ್ಕೆ ಬಲಿ ಕೊಡಲೇ ಎಂದರು. ಆ ಮಾತು ಸುಳ್ಳಲ್ಲ, ಅವರ ದುಡಿಮೆ ನೋಡಿದ್ದೇನೆ. ಆಮೇಲೆ:

“ನಿಮ್ಮನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದು ನಾನು, ನಳಿನಿ. ಇಷ್ಟು ಮಾಡಿ ನಂಗೋಸ್ಕರ.”

“ಪಾಠ ಮಾಡೋಕೆ ಕರ್ಕೊಂಡು ಬಂದ್ರಿ ಮೇಡಂ. ಮಾಡಿದ್ದೀನಿ. ಪುಟ ಹರಿಯಲ್ಲ.”

ನಾನೇ ಹೇಳಿದೆನೇ? ಹೌದು, ನಾನೇ. ದನಿ ನೆಟ್ಟಗಿತ್ತು.

೯ ಸೆಪ್ಟೆಂಬರ್, ಶುಕ್ರವಾರ

ನೋಟ್‌ಬುಕ್ ಹಂಚುವುದು ಕೊನೆಯ ಪೀರಿಯಡ್ಡಿನಲ್ಲಿ. ಇವತ್ತು ಬೆಳಿಗ್ಗೆ ಎಂಟೂವರೆಗೇ ಎಲ್ಲರ ಬ್ಯಾಗಿಗೆ ಹಾಕಿಸಿ ಜಿಪ್ ಎಳೆಸಿದೆ. ಹತ್ತಕ್ಕೆ ಇಂಟರ್‌ಕಾಮಿನಲ್ಲಿ ಆಫೀಸು: ಎರಡನೇ ಕ್ಲಾಸಿನ ನೋಟ್‌ಬುಕ್ ಕಳಿಸಿ. ಹಂಚಿಯಾಯಿತು ಎಂದೆ. ವಾಪಸ್ ತೆಗೆದುಕೊಳ್ಳಿ ಎಂದರು. ಮಕ್ಕಳ ಬ್ಯಾಗಿಗೆ ನಾನು ಕೈ ಹಾಕುವುದಿಲ್ಲ ಎಂದೆ.

ಇಪ್ಪತ್ನಾಲ್ಕು ಕೆಂಪು ಚುಕ್ಕಿ ಮನೆಗೆ ಹೋದವು.

ಮೀರಾ ಕೇಳಿದಳು, ಕೆಲಸ ಹೋದರೆ? ಹೋದರೆ ಹೋಗಲಿ ಎಂದೆ. ಹೇಳುವುದು ಸುಲಭ. ಅನ್ನ ಸೇರಲಿಲ್ಲ.

೧೦ ಸೆಪ್ಟೆಂಬರ್, ಶನಿವಾರ. ಬೆಳಿಗ್ಗೆ

ಎಂಟಕ್ಕೇ ಗಿರಿಧರ್ ಫೋನ್. ಬೈಗುಳಕ್ಕೆ ಸಿದ್ಧಳಾಗಿ ಎತ್ತಿದೆ. ಮೊದಲ ಎರಡು ನಿಮಿಷ ಬೈದರು ಕೂಡ — ಇಂಥ ಸಮಯದಲ್ಲಿ ಮಕ್ಕಳ ಕೈಗೆ ಟಾರ್ಚ್ ಕೊಟ್ಟು ಸೊಳ್ಳೆ ಹುಡುಕಿಸುವುದೇ ಅಂತ. ಕೇಳಿಸಿಕೊಂಡೆ. ಅದರಲ್ಲಿ ಸ್ವಲ್ಪ ನ್ಯಾಯವೂ ಇತ್ತು. ಆಮೇಲೆ ದನಿ ಇಳಿಸಿದರು.

“ಎಲ್ಲ ಮಕ್ಕಳ ನೋಟ್‌ಬುಕ್ಕಲ್ಲೂ ಸೇಮ್ ಕುಂಡ, ಸೇಮ್ ನಂಬರ್. ಪೇರೆಂಟ್ಸ್ ಎಲ್ಲ ಫೋಟೋ ಹಾಕಿದಾರೆ. ನಾನು ನನ್ನ ಮಗಳಿಗೆ ಸುಳ್ಳು ಹೇಳ್ಬೇಡ ಅಂತ ಗದರಿದ್ದೆ, ಮ್ಯಾಮ್.”

ಅವಳಿಗೇ ಹೇಳಿ ಅದನ್ನ ಎಂದೆ. ಆಗಲೇ ಹೇಳಿದ್ದರಂತೆ. ಅವಳು ಕ್ಷಮಿಸಿಲ್ಲವಂತೆ ಇನ್ನೂ. ರೇಣುಕಾ ಡಾಕ್ಟರ್ ಹತ್ತಿರ ಹೋಗಿಬಂದಿದ್ದಾರೆ. ಜ್ವರ ಇಲ್ಲ, ದದ್ದು ಇಲ್ಲ, ಕಾಯಬೇಕು ಅಷ್ಟೇ. ಪರಿಸರ ಇಲಾಖೆಗೆ ಕಂಪ್ಲೇಂಟ್ ಕೊಡುತ್ತೇನೆ, ನಿಮಗೆ ತೊಂದರೆ ಆಗಬಹುದು ಎಂದರು. ಕೊಡಿ ಎಂದೆ.

೨೩ ಸೆಪ್ಟೆಂಬರ್, ಶುಕ್ರವಾರ

ಎರಡು ವಾರ ಬರೆಯಲಾಗಲಿಲ್ಲ.

ಇನ್‌ಸ್ಪೆಕ್ಟರ್‌ಗಳು ಬಂದರು. ಛಾವಣಿಯ ಮಳೆನೀರಿನ ಕಾಲುವೆಯಲ್ಲೂ ಸೊಳ್ಳೆಯ ಮರಿ ಸಿಕ್ಕಿದವು. ನಾವು ಯಾರೂ ಹತ್ತಿ ನೋಡದ ಜಾಗ. ಶಾಲೆಗೆ ನೋಟಿಸ್. ಎಲ್ಲ ಪೇರೆಂಟ್ಸ್‌ಗೂ ಕೊನೆಗೆ ಪತ್ರ ಹೋಯಿತು. ನಾಲ್ಕೇ ಸಾಲು.

ನನಗೂ ಒಂದು ಪತ್ರ. ಅನುಮತಿಯಿಲ್ಲದೆ ಮಕ್ಕಳನ್ನು ಅಪಾಯಕ್ಕೆ ಒಡ್ಡಿದ್ದೇನೆ, ವಿಷಾದಿಸುತ್ತೇನೆ, ಇನ್ನು ಮುಂದೆ ಪಾಠ ಕ್ಲಾಸಿನೊಳಗೇ ನಡೆಸುತ್ತೇನೆ. ಕೆಳಗೆ ಸಹಿಗೆ ಗೆರೆ. ಸಹಿ ಹಾಕಿದರೆ ಕಾಂಟ್ರಾಕ್ಟ್ ಮುಂದುವರಿಯುತ್ತದೆ.

ನಾಲ್ಕು ದಿನ ಬ್ಯಾಗಿನಲ್ಲಿಟ್ಟುಕೊಂಡು ಓಡಾಡಿದೆ. ಎಂಆರ್‌ಟಿ ರೈಲಿನಲ್ಲಿ ಎರಡು ಸಲ ಪೆನ್ನು ತೆಗೆದೆ. ಮೈಸೂರಿನಲ್ಲಿ ನನಗಾಗಿ ಯಾವ ಕೆಲಸವೂ ಕಾದು ಕೂತಿಲ್ಲ. ಇಲ್ಲಿ ಇಷ್ಟಪಟ್ಟು ಕಟ್ಟಿಕೊಂಡ ಬದುಕು ಇದೆ. ಅನುಮತಿ ಕೇಳಲಿಲ್ಲ ಎಂಬುದು ನಿಜ, ಅದಕ್ಕೆ ಸಹಿ ಹಾಕುತ್ತೇನೆ. ವಿಷಾದ ಎಂಬುದು ನಿಜವಲ್ಲ.

ಅಪಾಯದ ಮಾತಿನ ಮೇಲೂ ವಿಷಾದದ ಸಾಲಿನ ಮೇಲೂ ಆಮೇಲಿನ ಸಾಲಿನ ಮೇಲೂ ಗೆರೆ ಎಳೆದೆ. ‘ಅನುಮತಿಯಿಲ್ಲದೆ’ ಎಂದು ಉಳಿದ ಅರ್ಧ ಸಾಲಿಗೆ ಸಹಿ ಹಾಕಿ ಮೇಜಿನ ಮೇಲಿಟ್ಟೆ. ಮೇಡಂ ನೋಡಿದರು. ಡಿಸೆಂಬರ್ ಎರಡು ಕೊನೆಯ ದಿನ ಎಂದರು. ಇಂಗ್ಲಿಷಿನಲ್ಲಿ.

೧೪ ನವೆಂಬರ್, ಸೋಮವಾರ

ರೇಣುಕಾ ಸ್ಕ್ಯಾನ್ ರಿಪೋರ್ಟ್ ತೋರಿಸಿದರು. ಮಗು ಚೆನ್ನಾಗಿದೆ. ಸ್ಟಾಫ್ ರೂಮಿನಲ್ಲಿ ಕೂತು ಅತ್ತುಬಿಟ್ಟೆ. ಯಾರಾದರೂ ನೋಡಿದರೋ ಏನೋ, ನೋಡಲಿ.

ಗಿರಿಧರ್ ಹತ್ತೊಂಬತ್ತು ಪೇರೆಂಟ್ಸ್ ಸಹಿ ಮಾಡಿಸಿ ನನ್ನನ್ನು ಉಳಿಸಿಕೊಳ್ಳಲು ಬರೆದಿದ್ದರಂತೆ. ಉತ್ತರ ಬಂದಿಲ್ಲ. ಬರುವುದೂ ಇಲ್ಲ. ಸಾಕ್ಸ್ ಬಗ್ಗೆ ಅವರ ಅಭಿಪ್ರಾಯ ಮಾತ್ರ ಬದಲಾಗಿಲ್ಲ. ಇವತ್ತೂ ಹೇಳಿದರು.

ಸೆಂಬವಾಂಗ್‌ನ ಒಂದು ಶಿಶುವಿಹಾರದಲ್ಲಿ ಇಂಟರ್‌ವ್ಯೂ ಆಯಿತು. ಈಗಿನ ಕೆಲಸ ಯಾಕೆ ಬಿಡುತ್ತಿದ್ದೀರಿ ಎಂದು ಆ ಹೆಂಗಸು ಕೇಳಿದರು. ಮುಚ್ಚಿಡಬಾರದು ಎಂದು ಬಸ್ಸಿನಲ್ಲೇ ತೀರ್ಮಾನಿಸಿಕೊಂಡಿದ್ದೆ. ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ — ಮಕ್ಕಳೇ ಎಣಿಸಿದರಾ?

೨೮ ನವೆಂಬರ್, ಸೋಮವಾರ

ಸೆಂಬವಾಂಗ್‌ನಿಂದ ಪತ್ರ. ತೆಗೆದುಕೊಂಡಿದ್ದಾರೆ. ಹೊಸ ಪಾಸಿಗೆ ಅರ್ಜಿ ಹಾಕಿದ್ದಾರೆ. ಆಗಲೂಬಹುದು, ಆಗದೆಯೂ ಇರಬಹುದು. ಪೆಟ್ಟಿಗೆ ಅರ್ಧ ಕಟ್ಟಿಟ್ಟಿದ್ದೇನೆ.

೨ ಡಿಸೆಂಬರ್, ಶುಕ್ರವಾರ. ೯.೪೦

ಮೈದಾನದ ಅಂಚಿನಲ್ಲಿ ಕೂತು ತೊಡೆಯ ಮೇಲೆ ಬರೆಯುತ್ತಿದ್ದೇನೆ. ಕೊನೆಯ ದಿನ. ಹೊರಗಿನ ಪಾಠ ಬಂದ್ ಎಂಬ ಸರ್ಕ್ಯುಲರನ್ನು ಇನ್ನೂ ತೆಗೆದಿಲ್ಲ — ಊರಲ್ಲಿ ಭಯ ಇಳಿದು ಎಷ್ಟೋ ವಾರವಾಯಿತು. ಬೆಳಿಗ್ಗೆ ಹಾಜರಿ ತೆಗೆದುಕೊಂಡೆ, ಟೋಪಿ ಹಾಕಿಕೊಳ್ಳಿ ಎಂದೆ, ಕರೆದುಕೊಂಡು ಬಂದೆ. ಯಾರನ್ನೂ ಕೇಳಲಿಲ್ಲ.

ಸತ್ತ ಜೀರುಂಡೆಯೊಂದನ್ನು ಇರುವೆಗಳು ಎಳೆದೊಯ್ಯುತ್ತಿವೆ. ಎಷ್ಟು ಇರುವೆ, ಯಾವ ಕಡೆಗೆ, ಕಲ್ಲು ಅಡ್ಡ ಬಂದರೆ ಏನು ಮಾಡುತ್ತವೆ — ಮಕ್ಕಳು ಬಗ್ಗಿ ಬರೆದುಕೊಳ್ಳುತ್ತಿದ್ದಾರೆ. ನನ್ನ ಅಗತ್ಯವೇ ಇಲ್ಲ ಅವರಿಗೆ. ಹೀಗೇ ಇರಬೇಕು.

ಆಫೀಸಿನಿಂದ ಚೀಟಿ ಬಂತು, ಕೂಡಲೇ ಒಳಗೆ ಬನ್ನಿ. ಹಿಂಬದಿಯಲ್ಲಿ ಬರೆದು ಕಳಿಸಿದೆ: ‘ಪಾಠ ನಡೆಯುತ್ತಿದೆ. ಮುಗಿದ ಮೇಲೆ ಬರುತ್ತೇವೆ.’

ಈಗ ಅಲಮೇಲು ಮೇಡಂ ಅವರೇ ಬರುತ್ತಿದ್ದಾರೆ. ಛತ್ರಿ ಹಿಡಿದು, ಸೀರೆಯ ನೆರಿಗೆ ಎತ್ತಿಕೊಂಡು, ಒದ್ದೆ ಹುಲ್ಲಿನ ಮೇಲೆ. ಮೂರು ವರ್ಷದಲ್ಲಿ ಅವರು ಈ ಹುಲ್ಲಿನ ಮೇಲೆ ಕಾಲಿಟ್ಟದ್ದು ನಾನು ನೋಡಿಲ್ಲ. ಎದ್ದು ನಿಲ್ಲುವುದಿಲ್ಲ ನಾನು. ಹೇಳುವುದೇನಿದ್ದರೂ ಇಲ್ಲೇ ಹೇಳಲಿ.

ಪ್ರಣತಿ ತಲೆ ಎತ್ತಿ ನೋಡಿದಳು. ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದಳು. “ಮೇಡಂ, ಮೆಲ್ಲಗೆ ಬನ್ನಿ, ಇರುವೆ ಇದಾವೆ,” ಎಂದಳು.

ಮೇಡಂ ನಿಂತರು. ಛತ್ರಿ ಮಡಿಸಿ, ಪ್ರಣತಿ ಮಾಡಿಕೊಟ್ಟ ಜಾಗದಲ್ಲಿ ಬಗ್ಗಿ ನೋಡಿದರು.