ಹದಿನಾಲ್ಕು ಸುತ್ತು

ಗುರುವಾರ, 7. ಸಂಜೆ
ಅಕ್ಕನ ಡಯಾಲಿಸಿಸ್ ಮುಗಿಸಿ ವಾಪಸ್. ದಾರಿಯುದ್ದಕ್ಕೂ ಸ್ಟೇರಿಂಗ್ ಗಡಗಡ. ವ್ಯಾನಿಗೆ ಇಪ್ಪತ್ತೆರಡು ವರ್ಷ, ಹಟ ಮಾತ್ರ ಎರಡು ವರ್ಷದ ಮಗುವಿನದು. ಎಡಚಕ್ರ ತಿರುಗಿಸೋ ಟೈ ರಾಡ್ — ಅದರ ಎಂಡ್ ಸವೆದಿದೆ. ನಾಳೆ ನಾನೇ ಬದಲಾಯಿಸಬೇಕು. ಶನಿವಾರ ಮತ್ತೆ ಆಸ್ಪತ್ರೆ. ತಪ್ಪಿಸೋ ಹಾಗಿಲ್ಲ.

ಶುಕ್ರವಾರ, 8. ಮಧ್ಯಾಹ್ನ 3
ಹಳೆ ಎಂಡ್ ಎಷ್ಟು ಸುತ್ತಿಗೆ ಬಿಚ್ಚಿಕೊಳ್ಳುತ್ತೋ ಹೊಸದನ್ನೂ ಅಷ್ಟೇ ಸುತ್ತು ಹಾಕಬೇಕು. ಹೆಚ್ಚುಕಮ್ಮಿಯಾದರೆ ಚಕ್ರಗಳ ಅಲೈನ್‌ಮೆಂಟ್ ಕೆಟ್ಟಿತು. ಟೇಪಿನಲ್ಲಿ ಅಳತೆಯನ್ನೂ ತೆಗೆದುಕೊಳ್ಳಬೇಕಿತ್ತು. ಸೋಮಾರಿತನ. ಅಕ್ಕ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, "ನೀನು ಬಿಚ್ಚು, ನಾನು ಎಣಿಸ್ತೀನಿ. ಹತ್ತು ದಾಟಿದ್ರೆ ನಿನಗೆ ಲೆಕ್ಕ ತಪ್ಪುತ್ತೆ" ಅಂದಳು. ವ್ಯಾನಿನ ಕೆಳಗಿಂದ ಪ್ರತಿ ಸುತ್ತಿಗೂ ಕೂಗಿದೆ. ಕೊನೆಗೆ ಎಷ್ಟು ಅಂತ ಕೇಳಿದೆ.
"ಹದಿನಾಲ್ಕು."
ಹದಿನಾಲ್ಕೇ ಹಾಕಿದೆ.

ಸಂಜೆ 6
ಓಡಿಸಿ ನೋಡಿದೆ. ಕೈ ಸಡಿಲ ಬಿಟ್ಟರೆ ಸಾಕು, ಗಾಡಿ ಎಡಕ್ಕೆ ಎಳೆಯುತ್ತದೆ. ಟೈರ್ ಕಿರುಚುತ್ತದೆ. ಇದರಲ್ಲಿ ಅಕ್ಕನನ್ನು ಅರವತ್ತು ಕಿಲೋಮೀಟರ್... ಬೇರೆ ಕಾರು ಕರೆಸ್ತೀನಿ ಅಂದೆ. ಬೇಡವೇ ಬೇಡವಂತೆ. ತಾನೇ ಆಸ್ಪತ್ರೆಗೆ ಫೋನ್ ಮಾಡಿ ಸೋಮವಾರಕ್ಕೆ ಹಾಕಿಸಿಕೊಂಡಳು. ಊಟಕ್ಕೆ ಕೂತಾಗ ಹಾಡು ಗುನುಗುತ್ತಿದ್ದಳು.

ಭಾನುವಾರ, 10. ಬೆಳಿಗ್ಗೆ
ಅಕ್ಕನ ಕಾಲು ಊದಿದೆ. ಎರಡು ಮೆಟ್ಟಿಲಿಗೇ ಏದುಸಿರು. ನನಗೆ ಕೂತಲ್ಲಿ ಕೂರಲಾಗದೆ ಮತ್ತೆ ವ್ಯಾನಿನ ಕೆಳಗೆ ತೂರಿದೆ. ರಾಡ್ ಪೂರ್ತಿ ತುಕ್ಕು. ಎಂಡನ್ನು ಬಿಗಿಯೋ ಲಾಕ್ ನಟ್ ಪಕ್ಕದ ಮೂರು ಥ್ರೆಡ್ ಮಾತ್ರ ಹೊಸದರ ಹಾಗೆ ಹೊಳೆಯುತ್ತಿವೆ. ಮೊನ್ನೆವರೆಗೂ ಮುಚ್ಚಿಕೊಂಡಿದ್ದ ಜಾಗ. ಅಂದರೆ ಹಳೆಯದು ಇನ್ನೂ ಮೂರು ಸುತ್ತು ಒಳಗಿತ್ತು. ಹದಿನೇಳು.

ಅಕ್ಕನನ್ನು ಕೇಳಿದೆ. ಮುಚ್ಚಿಡಲಿಲ್ಲ.
"ಹದಿನೇಳೇ ಕಣೋ. ಒಂದೇ ಒಂದು ಶನಿವಾರ ಮನೇಲಿ ಇರೋಣ ಅನ್ನಿಸ್ತು. ನಾನು ಬರಲ್ಲ ಅಂದ್ರೆ ಬೈತೀಯ. ಗಾಡಿ ಬರಲ್ಲ ಅಂದ್ರೆ ಬೈಯಲ್ಲ."
ಕೂಗಾಡಿದೆ. ಸ್ಪ್ಯಾನರ್ ಎಸೆದೆ. ಆಮೇಲೆ ಹೆದರಿಕೆ ಶುರುವಾಯಿತು, ಇನ್ನೂ ಹೋಗಿಲ್ಲ. ಹದಿನೇಳಕ್ಕೆ ತಂದು ಬಿಗಿದೆ.

ಸೋಮವಾರ, 11. ಬೆಳಿಗ್ಗೆ 10. ಆಸ್ಪತ್ರೆ ಪಾರ್ಕಿಂಗ್
ಗಾಡಿ ನೇರ ಬಂತು. ದಾರಿಯಲ್ಲಿ ಅಕ್ಕನದು ಒಂದೇ ಮಾತು — "ಇನ್ಮೇಲೆ ರಜೆ ಬೇಕಾದ್ರೆ ಬಾಯಿಬಿಟ್ಟೇ ಕೇಳ್ತೀನಿ. ಕೊಡ್ತೀಯಾ?"
ಕನ್ನಡಿ ಸರಿಮಾಡಿಕೊಂಡೆ. ನಾಲ್ಕು ಗಂಟೆ ಮೆಷಿನ್. ಅಷ್ಟರಲ್ಲಿ ಉತ್ತರ ಬೇಕು. ಕೊಡಲ್ಲ ಅಂದರೆ ಮತ್ತೆ ಸುಳ್ಳು ಹೇಳ್ತಾಳೆ. ಕೊಡ್ತೀನಿ ಅಂದರೆ... ಒಂದು ಶನಿವಾರಕ್ಕೇ ಕಾಲು ಹಾಗಾಗಿತ್ತು.

ಮಧ್ಯಾಹ್ನ 2.15
ಬಂದಳು. ಗೋಡೆ ಹಿಡಿದುಕೊಂಡು, ನಿಧಾನ. ನನ್ನನ್ನೇ ನೋಡ್ತಿದ್ದಾಳೆ. ಹೇಳಿಬಿಡ್ತೀನಿ. ಅಕ್ಕ, ನೀನು ಬಾಯಿಬಿಟ್ಟು ಕೇಳು, ನಾನು ಬೈಯಲ್ಲ, ಕೊಡ್ತೀನಿ.