ದೊಡ್ಡಪ್ಪನ ರಾಜನಡಿಗೆ

ಮುನಿಸಿಕೊಂಡು ಕೂತಿರುವ ದೊಡ್ಡಪ್ಪನಿಗೆ ತಮ್ಮನ ಮಗಳ ನಮಸ್ಕಾರಗಳು.

ನೀವು ಫೋನ್ ಎತ್ತುತ್ತಿಲ್ಲ. ಬಾಗಿಲು ತಟ್ಟಿದರೆ ಒಳಗಿನಿಂದ ದೊಡ್ಡಮ್ಮನಿಗೆ "ಮಲಗಿದ್ದೀನಿ ಅಂತ ಹೇಳೇ" ಅನ್ನುತ್ತೀರಿ, ಅದೂ ರಂಗಮಂದಿರದ ಕೊನೆಯ ಸಾಲಿನ ಕುರ್ಚಿಗೂ ಕೇಳಿಸುವ ಕಂಠದಲ್ಲಿ. ಅದಕ್ಕೇ ಈ ಪತ್ರ.

ಹಳೆಯ ರಂಗಮಂದಿರವನ್ನು ಹೊಸದು ಮಾಡುವ ಹೊಣೆ ನನ್ನ ಹೆಗಲಿಗೆ ಬಿದ್ದಾಗ ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದವರು ನೀವು. ಗೋಡೆಯ ಬಣ್ಣ ಬದಲಾಯಿಸಿದೆ, ಸುಮ್ಮನಿದ್ದಿರಿ. ಲಾರಿ ಒಳಗೆ ಬರಲೆಂದು ಹಿಂದಿನ ಗೋಡೆಯನ್ನೇ ಒಡೆಸಿದೆ, ಆಗಲೂ ಹೂಂ ಅಂದಿರಿ. ರಂಗದ ಇಳಿಜಾರನ್ನು ಮುಟ್ಟಿದ್ದೇ ತಡ, ನಾನು ಮನೆಹಾಳಿಯಾದೆ.

ಮುಟ್ಟದೆ ಏನು ಮಾಡಲಿ, ಹೇಳಿ? ಹಿಂದೆ ನಿಂತ ನಟರೂ ಪ್ರೇಕ್ಷಕರಿಗೆ ಕಾಣಲೆಂದು ಆ ಕಾಲದವರು ರಂಗವನ್ನು ಮುಂದಕ್ಕೆ ಇಳಿಜಾರಾಗಿ ಕಟ್ಟಿದ್ದರು. ಈಗ ಊರೂರು ಸುತ್ತುವ ತಂಡಗಳ ಮನೆ, ಮರ, ಮಂಚ ಎಲ್ಲವೂ ಚಕ್ರದ ಮೇಲೆ. ಕಳೆದ ವರ್ಷ ಬಂದ ತಂಡದ ನಾಟಕದಲ್ಲಿ ಸಾಯುವ ಅಜ್ಜನ ಪಾತ್ರಧಾರಿ ಮಂಚದ ಸಮೇತ ಜಾರಿಕೊಂಡು ಹೊರಟು, ರಂಗದ ಅಂಚಿನಲ್ಲಿ, ಮೊದಲ ಸಾಲಿನ ವಕೀಲರ ಮೂಗಿನೆದುರು ನಿಂತ. "ಸದ್ಯ, ಉಯಿಲು ಬರೆಸೋಕೆ ನೀವೇ ಸಿಕ್ಕಿದ್ರಲ್ಲ" ಅಂದ. ಪರದೆಯ ಪಕ್ಕ ನಿಂತಿದ್ದ ನೀವೇ ಹೊಟ್ಟೆ ಹಿಡಿದುಕೊಂಡು ನಕ್ಕಿರಿ.

ನೆಲ ಸಮ ಮಾಡಿಸಿದ ಮೇಲೆ ಮೊದಲು ಕರೆದದ್ದು ನಿಮ್ಮನ್ನೇ. ನೀವು ಇಷ್ಟು ವರ್ಷ ರಾಜನ ಪಾತ್ರದಲ್ಲಿ ಮಾಡುತ್ತಿದ್ದಂತೆಯೇ ಎದೆಯನ್ನು ಹಿಂದಕ್ಕೆ ಬಾಗಿಸಿ, ಗದ್ದವೆತ್ತಿ, ಮಹಾರಾಜರ ಪ್ರವೇಶ ಮಾಡಿದಿರಿ. ಎರಡು ಹೆಜ್ಜೆ ಇಡುವಷ್ಟರಲ್ಲಿ ಅಂಗಾತ ಬಿದ್ದಿರಿ. ಇದೂ ನಾಟಕವೇ ಇರಬೇಕೆಂದು ಬಡಗಿಗಳು ಚಪ್ಪಾಳೆ ತಟ್ಟಿದರು. "ನೆಲ ಸರಿಯಿಲ್ಲ!" ಎಂದು ಮಲಗಿದಲ್ಲಿಂದಲೇ ಗುಡುಗಿದಿರಿ. ಹಿರಿಯ ಬಡಗಿ, ಪಾಪ, ನೆಲ ಸಮವಿದೆಯೇ ಎಂದು ನೋಡುವ ರಸಮಟ್ಟ ತಂದು ನೆಲದ ಮೇಲಿಟ್ಟು, "ನೋಡಿ ಯಜಮಾನ್ರೇ, ಗುಳ್ಳೆ ಸರಿಯಾಗಿ ಮಧ್ಯದಲ್ಲೇ ಇದೆ" ಅಂದ. "ನಿನ್ನ ಗುಳ್ಳೆ ಎಷ್ಟು ನಾಟಕ ಆಡಿದೆಯೋ?" ಎಂದು ಎದ್ದು ಹೋದವರು ಆಮೇಲೆ ಆ ಕಡೆ ತಲೆ ಹಾಕಿಲ್ಲ.

ನೋವಾದದ್ದು ಸೊಂಟಕ್ಕೆ ಮಾತ್ರವಲ್ಲ ಅಂತ ನನಗೆ ಗೊತ್ತು. ಊರಿನ ಹುಡುಗರೆಲ್ಲ ಅನುಕರಿಸುತ್ತಿದ್ದ ನಿಮ್ಮ ರಾಜನಡಿಗೆ, ಇಳಿಜಾರಿನಲ್ಲಿ ಮುಂದಕ್ಕೆ ಮುಗ್ಗರಿಸದಿರಲು ಮೈ ತಾನಾಗಿ ಹಿಂದಕ್ಕೆ ವಾಲಿ ಕಲಿತದ್ದು ಎಂದು ಅವತ್ತು ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು. ಆದರೆ ದೊಡ್ಡಪ್ಪ, ಅದೇ ಇಳಿಜಾರಿನಲ್ಲಿ ಮಂತ್ರಿಯೂ ನಡೆದ, ಸೇನಾಪತಿಯೂ ನಡೆದ. ಅವರು ಬೀಳದಂತೆ ನಡೆದರು, ಅಷ್ಟೇ. ರಾಜನಾಗಿ ನಡೆದವರು ನೀವೊಬ್ಬರೇ. ಅದನ್ನು ಯಾವ ಹಲಗೆಯೂ ಕೊಟ್ಟದ್ದಲ್ಲ, ನಾನು ಕಿತ್ತು ಹಾಕಿಸಲೂ ಸಾಧ್ಯವಿಲ್ಲ.

ಭಾನುವಾರ ಹೊಸ ರಂಗದ ಮೇಲೆ ಮೊದಲ ನಾಟಕ, ಹೊರಗಿನ ತಂಡದ್ದು. ಪರದೆ ಏಳುವ ಮುಂಚೆ ಅದರ ಮುಂದೆ ನಿಂತು ನಾನೇ ಸ್ವಾಗತದ ನಾಲ್ಕು ಮಾತಾಡಬೇಕಂತೆ. ಈಗಲೇ ಬಾಯಿ ಒಣಗುತ್ತಿದೆ. ನೀವು ಆ ಮಂದಿರದಲ್ಲಿ ಆಯುಷ್ಯವನ್ನೇ ಕಳೆದಿರಿ, ಒಂದು ದಿನವೂ ಪ್ರೇಕ್ಷಕರ ಕುರ್ಚಿಯಲ್ಲಿ ಕೂತವರಲ್ಲ. ನಾವೆಲ್ಲ ಕೆಳಗೆ ಕೂತು ನಿಮ್ಮನ್ನೇ ನೋಡಿಕೊಂಡು ಬೆಳೆದೆವು. ಈ ಸಲ ನಾನು ಮೇಲೆ ನಿಲ್ಲುತ್ತೇನೆ, ನೀವು ಕೆಳಗೆ ಕೂತಿರಿ. ದೀಪದ ಬೆಳಕು ಕಣ್ಣಿಗೆ ಹೊಡೆದರೆ ನನಗೆ ಯಾರ ಮುಖವೂ ಕಾಣುವುದಿಲ್ಲ. ಕತ್ತಲೆಯಲ್ಲಿ ಒಮ್ಮೆ ಕೆಮ್ಮಿಬಿಡಿ, ಸಾಕು, ಮಾತು ಶುರುಮಾಡುತ್ತೇನೆ.

ಆ ಕೆಮ್ಮು ಕೇಳಿಸುವವರೆಗೂ ಪರದೆ ಏಳುವುದಿಲ್ಲ.

ನಿಮ್ಮ ಸೊಂಟ ಬೇಗ ವಾಸಿಯಾಗಲಿ, ಸಿಟ್ಟು ಅದಕ್ಕಿಂತ ಬೇಗ.

ನಿಮ್ಮ ಬೈಗುಳಕ್ಕೂ ಆಶೀರ್ವಾದಕ್ಕೂ ಕಾದಿರುವ,
ಮಗಳು